ಅಪ್ಪನ ಹಾಂಗೇ ಅಂವ

ಕುಮಟಾ ಹತ್ತಿರದ ಬಾಡ ಊರಿನ ಮಾಬ್ಲನ ಬಲಗಣ್ಣಿಗೆ ಪೆಟ್ಟಾದದ್ದು ಯುದ್ಧದ ಕಾಲದಲ್ಲಿ. ಆಗಬೋಟುಗಳು, ಎಂದರೆ ಉಗಿಹಡಗುಗಳು, ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ ಎನ್ನುವಂಥ ದಿನಗಳು. ಮುಂಬಯಿಯಿಂದ ಬರುವ ಆಗಬೋಟು ಕುಮಟಾದ ದಂಡೆಯವರೆಗೆ ಬರುತ್ತಿರಲಿಲ್ಲ. ಆಳದ ನೀರಿನಲ್ಲಿ ದೂರ ನಿಂತು ಕೂಗು ಹಾಕುತ್ತಿತ್ತು. ಮಾಬ್ಲನೂ ಅವನ ಜೊತೆಗಾರ ದಾಸನೂ ದೊಡ್ಡ ದೋಣಿ ಹಾಕಿಕೊಂಡು ಹೋಗಿ ಜನರನ್ನೂ ಮೂಟೆಗಳನ್ನೂ ಇಳಿಸಿಕೊಂಡು ಬರಬೇಕು. ಆ ದಿನ ಸಮುದ್ರ ಸುಮ್ಮನಿರಲಿಲ್ಲ. ಮೇಲಿಂದ ಎಸೆದ ಹಗ್ಗ ಹಿಡಿಯುವಾಗ ದಾಸನ ಕೈ ಜಾರಿತು. ಅವನನ್ನು ಬೈಯಲೆಂದು ಮಾಬ್ಲ ತಲೆಯೆತ್ತಿದ. ಬೈಗುಳ ಬಾಯಿಂದ ಪೂರ್ತಿ ಹೊರಡುವ ಮೊದಲೇ ಹಗ್ಗದ ತುದಿಯ ಕಬ್ಬಿಣದ ಕೊಕ್ಕೆ ಬಂದು ಕಣ್ಣಿಗೆ ಬಡಿಯಿತು.

ಕುಮಟಾದ ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಒಂದು ಕಣ್ಣು ಅಲುಗಾಡಿದರೆ ಇನ್ನೊಂದೂ ಅಲುಗಾಡುತ್ತದೆ, ಆದ್ದರಿಂದ ಎರಡನ್ನೂ ಮುಚ್ಚಿಯೇ ಇಡಬೇಕು, ಏಳಬಾರದು, ಬಗ್ಗಬಾರದು, ನಾನು ಹೇಳುವವರೆಗೆ ಬಿಚ್ಚಬಾರದು ಎಂದರು. ಹೊರಡುವಾಗ, ಸಿಟ್ಟು ಮಾಡಬೇಡ ಮಾರಾಯ ಎಂದು ಇನ್ನೊಂದು ಮಾತು ಸೇರಿಸಿದರು. ಮಾಬ್ಲನಿಗೆ ಅದು ಅರ್ಥವಾಗಲಿಲ್ಲ. ತನಗೆ ಎಲ್ಲಿಯ ಸಿಟ್ಟು?

ನಿಜಕ್ಕೂ ಅವನು ಹಾಗೇ ತಿಳಿದಿದ್ದ. ಬಂದರಿನಲ್ಲಿ ಅವನನ್ನು ಖಡಕ್ ಮನುಷ್ಯ ಎನ್ನುತ್ತಿದ್ದರು. ಅದು ಅವನಿಗೆ ಹಿತವಾಗಿತ್ತು. ಉಳಿದವರ ಮನೆಗಳಲ್ಲಿ ಹೆಂಗಸರು ಗಂಡಸರ ಮೇಲೆ ಕೂಗಾಡುತ್ತಿದ್ದರು, ಮಕ್ಕಳು ಎದುರು ಮಾತಾಡುತ್ತಿದ್ದರು. ತನ್ನ ಮನೆಯಲ್ಲಿ ಅಂಥದ್ದೇನೂ ಇಲ್ಲ. ಅವನು ಅಂಗಳಕ್ಕೆ ಕಾಲಿಟ್ಟರೆ ಗಂಜಿ ಬಡಿಸಿರುತ್ತಿತ್ತು, ಕಾಲಿಗೆ ನೀರು ಇಟ್ಟಿರುತ್ತಿತ್ತು, ಒಂದು ಸೊಲ್ಲು ಇರುತ್ತಿರಲಿಲ್ಲ. ಹೆಂಡತಿ ಬಂಗಾರಿ ಒಳ್ಳೆಯವಳು, ಮಗಳು ನಾಗು ಮರ್ಯಾದೆಯ ಹುಡುಗಿ ಎಂದು ದಾಸನ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ನಾಗುವಿಗೆ ಹೊನ್ನಾವರದ ಹೊಳೆಯಾಚೆ, ಕಾಸರಕೋಡಿನಲ್ಲಿ ಗಂಡನ್ನೂ ಅವನೇ ಗೊತ್ತುಮಾಡಿದ್ದ. ತಿಮ್ಮಪ್ಪ ಎಂದು ಹೆಸರು. ಜನರನ್ನು ಹೊಳೆ ದಾಟಿಸುವ ಕಡವಿನ ದೋಣಿಯವನು, ಗಟ್ಟಿಮುಟ್ಟಾದ ಆಳು. ಮಳೆಗಾಲ ಮುಗಿದ ಮೇಲೆ ಮದುವೆ ಎಂದು ಮಾತಾಗಿತ್ತು.

ಈಗ ಜಗುಲಿಯ ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡು, ಕಣ್ಣೆದುರು ಕಪ್ಪು ಬಿಟ್ಟರೆ ಬೇರೇನೂ ಇಲ್ಲದೆ, ಅವನಿಗೆ ಕೇಳಿಸಿಕೊಳ್ಳುವುದೊಂದೇ ಕೆಲಸವಾಯಿತು. ಮೊದಲು ಸಮುದ್ರವೇ ಕೇಳುತ್ತಿತ್ತು. ಆಮೇಲೆ ಮನೆ ಕೇಳಿಸತೊಡಗಿತು.

ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಯಾರೋ ನಕ್ಕರು. ತಡೆಯಲಾಗದೆ ಉಕ್ಕಿದ ನಗು, ನಡುನಡುವೆ ಉಸಿರು ಸಿಕ್ಕಿಕೊಂಡು ಬಿಕ್ಕಿದಂತೆ ಆಗುವ ನಗು. ಮಾಬ್ಲನಿಗೂ ಕೇಳಿ ಖುಷಿಯಾಯಿತು.

"ಯಾರೇ ಅದು ನಗೂದು?" ಎಂದು ಕೂಗಿದ.

ನಗು ಕತ್ತರಿಸಿದ ಹಾಗೆ ನಿಂತಿತು. ಬಂಗಾರಿಯ ಸ್ವರ ಬಂತು. "ಯಾರೂ ಅಲ್ಲ. ಪಕ್ಕದ ಮನೆ ದುರ್ಗಿ ಬಂದಿತ್ತು. ಹೋಯ್ತು."

ಆದರೆ ಯಾರೂ ಹೋದ ಸದ್ದು ಕೇಳಿರಲಿಲ್ಲ. ಬೇಲಿಯ ಗೇಟಿನ ಕಿರುಗುಟ್ಟುವಿಕೆ ಅವನಿಗೆ ಚೆನ್ನಾಗಿ ಗೊತ್ತು, ಅದು ಸುಮ್ಮನಿತ್ತು. ತುಂಬಾ ಹೊತ್ತು ಯೋಚಿಸಿದ ಮೇಲೆ ಅವನಿಗೆ ತಿಳಿಯಿತು, ನಕ್ಕವಳು ನಾಗು. ತನ್ನ ಸ್ವಂತ ಮಗಳ ನಗು ತನಗೆ ಗುರುತು ಹತ್ತಿರಲಿಲ್ಲ.

ಅಂದಿನಿಂದ ಅವನು ಸುಮ್ಮನೆ ಮಲಗಿ ಆಲಿಸತೊಡಗಿದ. ತಾನು ಹೊರಳಿದರೆ ಅಡುಗೆಮನೆಯ ಮಾತು ತಗ್ಗುತ್ತಿತ್ತು. ಕೆಮ್ಮಿದರೆ ಅರೆಯುವ ಕಲ್ಲು ನಿಲ್ಲುತ್ತಿತ್ತು. ನೀರು ಎಂದು ಕೇಳಿದರೆ ಹೆಜ್ಜೆಗಳು ನಡೆದು ಬರುತ್ತಿರಲಿಲ್ಲ, ಓಡಿ ಬರುತ್ತಿದ್ದವು. ತಂಬಿಗೆ ಕೈಗೆ ಕೊಡುವ ಬೆರಳುಗಳು ಕೊಟ್ಟ ಕೂಡಲೇ ಹಿಂದಕ್ಕೆ ಸರಿಯುತ್ತಿದ್ದವು. ಅವನು ನಿದ್ದೆಹೋದನೆಂದು ಅವರಿಗೆ ಅನಿಸಿದಾಗ ಮಾತ್ರ ಆ ಮನೆಯಲ್ಲಿ ಬೇರೊಂದು ಮನೆ ಎದ್ದು ಕೂಡುತ್ತಿತ್ತು. ಅಲ್ಲಿ ಬಂಗಾರಿ ಹಾಡು ಗುನುಗುತ್ತಿದ್ದಳು. ನಾಗು ಬಂದರಿನ ಗುಮಾಸ್ತ ನಡೆಯುವ ರೀತಿಯನ್ನು ಅಣಕಿಸುತ್ತಿದ್ದಳು. ಬಂಗಾರಿಗೆ ಹಾಡು ಬರುತ್ತದೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಹಾಗೆ ನಿದ್ದೆಹೋದವನಂತೆ ಬಿದ್ದಿದ್ದ ಒಂದು ಸಂಜೆ, ತಾಯಿ ಮಗಳು ಹಿಂದಿನ ಜಗುಲಿಯಲ್ಲಿ ಕೂತು ತೆಂಗಿನ ಮಡಲು ಹೆಣೆಯುತ್ತ ಮಾತಾಡಿದ್ದು ಅವನ ಕಿವಿಗೆ ಬಿತ್ತು.

"ಅವ್ವಿ, ಆ ಕಾಸರಕೋಡಿನಂವ ಹೆಂಗೆ?" ಎಂದಳು ನಾಗು.

"ಹೆಂಗೆ ಅಂದ್ರೆ? ದುಡೀತ. ಕುಡಿಯೂದಿಲ್ಲ."

"ಅಂವ ಅಪ್ಪನ ಹಾಂಗೇ ಅವ್ವಿ. ಅವತ್ತು ಬಂದಾಗ ನಾ ನೋಡ್ದೆ. ಅವ್ನ ತಾಯಿ ಚಾ ಲೋಟ ಕೊಡೂಕೆ ಒಂಚೂರು ತಡ ಮಾಡ್ತು. ಅಂವ ಎಂತದೂ ಹೇಳ್ಲಿಲ್ಲ, ಒಂದ್ಸಲ ನೋಡ್ದ. ಅದು ಲೋಟ ಇಟ್ಟು ಒಳಗೆ ಓಡ್ತು."

ಮಡಲಿನ ಗರಿಗಳು ಒಂದರೊಳಗೊಂದು ಸೇರುವ ಸರಪರ ಸದ್ದು ನಡೆಯುತ್ತಲೇ ಇತ್ತು. ಮಾಬ್ಲ ಉಸಿರು ಬಿಗಿಹಿಡಿದ. ಬಂಗಾರಿ ಈಗ ಮಗಳನ್ನು ಗದರಿಸುತ್ತಾಳೆ, ಅಪ್ಪನ ಬಗ್ಗೆ ಹಾಗೆಲ್ಲ ಆಡಬಾರದು ಎನ್ನುತ್ತಾಳೆ ಎಂದು ಕಾದ.

ಬಂಗಾರಿ ಗದರಿಸಲಿಲ್ಲ. "ಅಭ್ಯಾಸ ಆತದೆ ಮಗಾ," ಎಂದಳು. "ಮೊದ್ಲು ಹೆದ್ರಿಕೆ ಆತದೆ. ಆಮೇಲೆ ಹೆಜ್ಜೆ ಸದ್ದಲ್ಲೇ ಗುತ್ತಾತದೆ, ಇವತ್ತು ಹೆಂಗಿದ್ದ ಅಂತ. ನಂಗೆ ಅಭ್ಯಾಸ ಆಯ್ಲಿಲ್ವಾ?"

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅಡುಗೆ ಹೇಳಿಕೊಡುವ ಸ್ವರದಲ್ಲಿ ಹೇಳಿದ್ದಳು.

ಹೆಜ್ಜೆ ಸದ್ದು ಎನ್ನುವ ಮಾತು ಮಾಬ್ಲನೊಳಗೆ ಎಲ್ಲಿಗೋ ಹೋಗಿ ತಾಗಿತು. ಅವನಪ್ಪ ಸಮುದ್ರದಿಂದ ಬರುವಾಗ ಹುಡುಗ ಮಾಬ್ಲನೂ ಹಾಗೇ ಆಲಿಸುತ್ತಿದ್ದ. ಕಾಲು ಎಳೆದುಕೊಂಡು ಬಂದರೆ ಮೀನು ಬಿದ್ದಿಲ್ಲ; ತಾಯಿ ಮಾಬ್ಲನನ್ನು ಭತ್ತದ ಕಣಜದ ಹಿಂದೆ ಕೂರಿಸುತ್ತಿದ್ದಳು. ಹೊಗೆಸೊಪ್ಪಿನ ವಾಸನೆ ಹತ್ತಿರ ಬಂದಷ್ಟೂ ಅವನು ಕಣಜಕ್ಕೆ ಒತ್ತಿಕೊಳ್ಳುತ್ತಿದ್ದ. ಅಪ್ಪ ತೀರಿಕೊಂಡಾಗ ಎಲ್ಲರೂ ಅಳುತ್ತಿದ್ದರೆ ತನಗೆ ಹಗುರಾದದ್ದು, ಹಗುರಾಯಿತಲ್ಲ ಎಂದು ನಾಚಿಕೆಯಾದದ್ದು ಎಲ್ಲ ನೆನಪಾಯಿತು. ಎಲ್ಲ ಅಪ್ಪಂದಿರೂ ಹಾಗೇ ಎಂದುಕೊಂಡು ಅವನು ಅದನ್ನು ಎಲ್ಲೋ ಬಿಸಾಡಿ ಮರೆತಿದ್ದ. ಪಟ್ಟಿಯ ಕೆಳಗೆ ಕಣ್ಣು ಉರಿಯಿತು. ಅಳಬಾರದು ಎಂದು ಡಾಕ್ಟರು ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ತೋಚಿರಲಿಕ್ಕಿಲ್ಲ.

ಪಟ್ಟಿ ಬಿಚ್ಚಿದಾಗ ಎಡಗಣ್ಣು ಸರಿಯಾಗಿತ್ತು. ಬಲಗಣ್ಣಿನಲ್ಲಿ ಕದಡಿದ ನೀರಿನಂಥ ಬೆಳಕು ಮಾತ್ರ ಉಳಿದಿತ್ತು. ಅದು ಇನ್ನು ಇಷ್ಟೇ ಎಂದರು ಡಾಕ್ಟರು. ಮಾಬ್ಲ ಅದಕ್ಕೆ ಹೆಚ್ಚು ದುಃಖಪಡಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಮದುವೆಯ ಮಾತು. ಮಗಳನ್ನು ಕೇಳಬೇಕು, ಅವಳ ಬಾಯಿಂದ ಬೇಡ ಎನ್ನುವುದು ಬಂದರೆ ಆ ಕೂಡಲೇ ಬಿಟ್ಟುಬಿಡಬೇಕು.

ಮನೆಗೆ ಬಂದವನೇ ನಾಗುವನ್ನು ಕರೆದ. ಅವಳು ಬಂದು ಕಂಬದ ಹತ್ತಿರ ತಲೆತಗ್ಗಿಸಿ ನಿಂತಳು.

"ಮಗಾ, ಕಾಸರಕೋಡಿನ ಸಂಬಂಧ ನಿಂಗೆ ಒಪ್ಪಿಗೆಯಾ?"

"ನೀ ಹೇಳ್ದಾಂಗೆ ಅಪ್ಪ."

"ನಾ ಹೇಳೂದು ಬಿಡು. ನಿಂಗೆ ಎಂತ ಬೇಕು ಅದು ಹೇಳು."

ಮಾಬ್ಲ ಮೆಲ್ಲಗೆ ಕೇಳಿದ, ಮತ್ತೆ ಕೇಳಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತೇ ಇದ್ದಳು. ಅವನಿಗೆ ಒಳಗಿನಿಂದ ಏನೋ ಏರಿ ಬಂತು. ತಾನು ಇಷ್ಟು ಒಳ್ಳೆಯದಕ್ಕೆ ಕೇಳುತ್ತಿದ್ದೇನೆ, ಒಂದು ಮಾತು ಆಡಬಾರದೇ?

"ಹೇಳೇ! ಬಾಯಿಲ್ವಾ ನಿಂಗೆ?"

ಕೂಗು ಹೊರಬಿದ್ದ ಮೇಲೆಯೇ ಅದು ತನ್ನದೆಂದು ಅವನಿಗೆ ಗೊತ್ತಾದದ್ದು. ನಾಗುವಿನ ಹೆಗಲು ಕುಗ್ಗಿತು. "ಒಪ್ಪಿಗೆ ಅಪ್ಪ," ಎಂದಳು ಗಡಬಡಿಸಿ. "ನಂಗೆ ಒಪ್ಪಿಗೆ, ಒಪ್ಪಿಗೆ."

ಅವನು ಇದ್ದಲ್ಲೇ ಕೂತುಬಿಟ್ಟ. ತಾನು ಏನೇ ಕೇಳಿದರೂ ಅವಳಿಗೆ ಅದು ಅಪ್ಪಣೆಯಾಗಿಯೇ ಕೇಳಿಸುತ್ತದೆ. ಬೇಡವೆಂದು ಹೇಳು ಎಂದರೆ ಅದನ್ನೂ ಹೆದರಿಯೇ ಹೇಳುತ್ತಾಳೆ. ಅವಳ ಮನಸ್ಸಿನೊಳಕ್ಕೆ ಹೋಗಲು ಇದ್ದ ದಾರಿಯನ್ನೆಲ್ಲ ಅವನೇ ಮುಚ್ಚಿಕೊಂಡು ಬಂದಿದ್ದ.

ಮರುದಿನ ಇದ್ದಿಲ ಹೊಗೆ ಉಗುಳುವ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋದ. ತಿಮ್ಮಪ್ಪನೇ ಅವನನ್ನು ಶರಾವತಿ ದಾಟಿಸಿದ. ಮಾವನ ಕಣ್ಣಿಗೆ ಬಿಸಿಲು ಬೀಳಬಾರದೆಂದು ತನ್ನ ತಲೆಗೆ ಕಟ್ಟಿದ್ದ ಚೌಕವನ್ನು ಬಿಚ್ಚಿ ಕೊಟ್ಟ. ಹುಟ್ಟು ಹಾಕುವ ಆ ಬಲವಾದ ತೋಳುಗಳನ್ನು ಮಾಬ್ಲ ನೋಡುತ್ತಿದ್ದ. ಕೆಟ್ಟವನಲ್ಲ. ತಾನೂ ಕೆಟ್ಟವನಾಗಿರಲಿಲ್ಲ.

"ತಿಮ್ಮಪ್ಪಾ, ನಿಂಗೆ ಸಿಟ್ಟು ಬತ್ತದಾ?" ಎಂದು ಕೇಳಿದ.

ತಿಮ್ಮಪ್ಪ ನಕ್ಕ. "ನಿಮ್ಮಷ್ಟಿಲ್ಲ ಮಾವ."

ಹೊಗಳಿಕೆಯಾಗಿಯೇ ಅವನು ಅದನ್ನು ಹೇಳಿದ್ದ.

ಮನೆ ತಲುಪಿ, ಅವನ ತಾಯಿ ಹೊನ್ನಮ್ಮ ನೀರು ಬೆಲ್ಲ ತಂದಿಟ್ಟ ಮೇಲೆ, ಈ ಸಂಬಂಧ ಬೇಡ ಎಂದು ಮಾಬ್ಲ ಹೇಳಿದ. ಯಾಕೆ ಎಂದು ಕೇಳಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಅಲ್ಲಿ ಕೈಕೊಟ್ಟವು. ನೀನು ನನ್ನ ಹಾಗೇ ಇದ್ದೀಯ, ಅದಕ್ಕೇ ಬೇಡ ಎಂದು ಹೇಳುವುದು ಹೇಗೆ? ಹೇಳಿದರೂ ಯಾರಿಗೆ ಅರ್ಥವಾದೀತು? "ಬ್ಯಾಡ ಅಂದ್ರೆ ಬ್ಯಾಡ," ಎಂದ. ತಿಮ್ಮಪ್ಪನ ಮುಖ ಕೆಂಪಾಯಿತು. ಊರವರ ಎದುರು ಮಾತು ಕೊಟ್ಟು ಈಗ ಆಟ ಆಡುತ್ತೀರಾ ಎಂದು ಅವನು ದನಿಯೇರಿಸಿದ. ಮಾಬ್ಲನ ದನಿಯೂ ಏರಿತು. ಅಕ್ಕಪಕ್ಕದವರು ಬಂದು ನಿಂತರು. ಯಾರೋ ನೂಕಿದರು, ಯಾರೋ ತಡೆದರು, ಬೆಲ್ಲದ ತಟ್ಟೆ ಅಂಗಳಕ್ಕೆ ಬಿತ್ತು. ಈ ಗದ್ದಲದಲ್ಲಿ ಹೊನ್ನಮ್ಮ ಬಾಗಿಲ ಹಿಂದೆ ಗೋಡೆಗೆ ಒತ್ತಿ ನಿಂತದ್ದನ್ನು ನೋಡಿದವನು ಮಾಬ್ಲ ಒಬ್ಬನೇ.

ಸುದ್ದಿ ಅವನಿಗಿಂತ ಮೊದಲೇ ಬಾಡಕ್ಕೆ ಮುಟ್ಟಿತ್ತು. ಮಾಬ್ಲ ಸಿಟ್ಟಿನಲ್ಲಿ ಮಗಳ ಮದುವೆ ಮುರಿದು ಬಂದ, ಕಣ್ಣು ಹೋದ ಮೇಲೆ ತಲೆಯೂ ಕೆಟ್ಟಿತು ಎಂದು ಜನ ಆಡಿಕೊಂಡರು. ದಾಸ ಕೂಡ, "ನಿಂಗೆ ಎಂತ ಆಗಿದ್ದು ಮಾರಾಯಾ?" ಎಂದ. ಬಂಗಾರಿ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು.

"ನೀವಿಬ್ರು ಮಾತಾಡೂದು ನಾ ಕೇಳಿದ್ದೆ," ಎಂದ ಮಾಬ್ಲ. ಅವಳಿಗೆ ಸಮಾಧಾನವಾಗಲಿ ಎಂದು ಹೇಳಿದ ಮಾತು ಅದು. "ಅಂವ ಅಪ್ಪನ ಹಾಂಗೇ ಅಂತ ನಾಗು ಹೇಳ್ತಲ, ಅದು. ಅದ್ಕೇ ಬಿಟ್ಟು ಬಂದೆ."

ಬಂಗಾರಿಯ ಅಳು ನಿಂತಿತು. ಅವಳ ಮುಖದ ಬಣ್ಣ ಇಳಿಯಿತು. ಎದ್ದು ಬಾಗಿಲಿಗೆ ಅಡ್ಡ ನಿಂತಳು. ಅವಳ ಹಿಂದಿನಿಂದ ನಾಗುವಿನ ದನಿ ಬಂತು. "ನಾ ಎಂತದೂ ಹೇಳ್ಲಿಲ್ಲ ಅಪ್ಪ. ದೇವ್ರಾಣೆ ಹೇಳ್ಲಿಲ್ಲ."

ಹೊಡೆಯಲು ಬಂದಿದ್ದಾನೆ ಎಂದುಕೊಂಡಿದ್ದರು. ಮಾಬ್ಲ ಎರಡು ಕೈಗಳನ್ನೂ ಎತ್ತಿ, ಇಲ್ಲ ಇಲ್ಲ ಎನ್ನುವಂತೆ ಆಡಿಸಿದ. ಎತ್ತಿದ ಕೈ ಕಂಡು ನಾಗು ಇನ್ನಷ್ಟು ಹಿಂದೆ ಸರಿದಳು. ಅವನು ಕೈ ಇಳಿಸಿ ಹೊರಗೆ ಹೋಗಿ ದಂಡೆಯ ಮೇಲೆ, ಕವುಚಿಟ್ಟ ದೋಣಿಗಳ ನಡುವೆ ಕೂತ. ಅವನ ಜೀವನದಲ್ಲಿ ಇನ್ನೊಬ್ಬರಿಗಾಗಿ ಯೋಚಿಸಿ ಮಾಡಿದ ಕೆಲಸ ಅದೊಂದೇ ಇರಬಹುದು. ಅದೂ ಅವನ ಉಳಿದೆಲ್ಲ ಕೆಲಸಗಳ ಹಾಗೆಯೇ ಕಾಣಿಸಿತ್ತು.

ಒಂದು ಕಣ್ಣಿನವನನ್ನು ಆಗಬೋಟಿನ ಕೆಲಸಕ್ಕೆ ಯಾರೂ ಕರೆಯಲಿಲ್ಲ. ದಂಡೆಯ ಮೇಲೆ ದೋಣಿಗಳ ಸಂದಿಗೆ ನಾರು ತುಂಬಿ ಎಣ್ಣೆ ಹಚ್ಚುವ ಕೆಲಸ ಹಿಡಿದ. ನಾಗುವಿಗೆ ಗಂಡು ಹುಡುಕುವುದನ್ನು ಬಂಗಾರಿಗೆ ಬಿಟ್ಟ. "ನೀನೇ ನೋಡು. ನೀವಿಬ್ರು ಒಪ್ಪಿದ್ರೆ ಆತು," ಎಂದ. ಇದರಲ್ಲಿ ಏನು ಅಡಗಿದೆಯೋ ಎಂದು ಬಂಗಾರಿ ಬಹಳ ದಿನ ಅನುಮಾನಪಟ್ಟಳು. ಕೊನೆಗೆ ಭಟ್ಕಳದ ಕಡೆ, ಮುಟ್ಟಳ್ಳಿಯಲ್ಲಿ ಗದ್ದೆಯೂ ನಾಲ್ಕು ತೆಂಗೂ ಇರುವ ಬೀರಪ್ಪ ಎಂಬವನು ಸಿಕ್ಕಿದ. ಮಾತು ಕಡಿಮೆ, ತೊದಲು ಬೇರೆ. ಮಾಬ್ಲನಿಗೆ ಅವನು ಸಪ್ಪೆಯಾಗಿ ಕಂಡ. ಆದರೆ ಬಾಯಿ ಬಿಡಲಿಲ್ಲ. ಮದುವೆಯಾಗಿ ನಾಗು ಹೋದಳು. ಹೊರಡುವಾಗ ಅಪ್ಪನ ಕಾಲು ಮುಟ್ಟಿದಳು, ಮುಖ ನೋಡಲಿಲ್ಲ. ಆಮೇಲೆ ತವರಿಗೆ ಬಂದಾಗಲೂ, ಒಳಗೆ ತಾಯಿಯೊಡನೆ ನಗುತ್ತಿದ್ದವಳು ಅವನು ಬಾಗಿಲಲ್ಲಿ ಕಂಡರೆ ಸುಮ್ಮನಾಗುತ್ತಿದ್ದಳು. ಅವನು ಜಗುಲಿಯಲ್ಲೇ ಕೂರುವುದನ್ನು ಕಲಿತ.

ಸಿಟ್ಟು ಹೋಗಿರಲಿಲ್ಲ. ಅದು ಬರುವುದು ಈಗ ಅವನಿಗೆ ಗೊತ್ತಾಗುತ್ತಿತ್ತು, ಅಷ್ಟೇ. ದವಡೆ ಬಿಗಿಯುತ್ತಿತ್ತು, ಕಿವಿ ಬಿಸಿಯಾಗುತ್ತಿತ್ತು. ಕೆಲವು ಸಲ ಅಷ್ಟರೊಳಗೆ ಎದ್ದು ಹೊರಗೆ ಹೋಗುತ್ತಿದ್ದ. ಕೆಲವು ಸಲ ಎದ್ದೇಳುವ ಮೊದಲೇ ಬಾಯಿ ಮುಂದೆ ಹೋಗಿರುತ್ತಿತ್ತು.

ಒಂದು ಬೆಳಿಗ್ಗೆ, ಮೀನಿನ ಸಾರು ಉಪ್ಪಾಯಿತೆಂದು ಹಾಗೇ ಕೂಗಿ, ಕೂಗಿದ ಮೇಲೆ ಸೋತವನಂತೆ ತಟ್ಟೆಯ ಮುಂದೆ ಕೂತಿದ್ದ. ಬಂಗಾರಿ ನೀರು ತಂದಿಟ್ಟಳು.

"ನಂಗೆ ಸಿಟ್ಟು ಬಂದಾಗ ನೀ ಹೇಳೂಕಾಗ್ದಾ?" ಎಂದು ಕೇಳಿದ. "ಇಷ್ಟು ವರ್ಷ ಒಂದ್ಸಲನೂ ಹೇಳ್ಲಿಲ್ಲ ನೀನು."

"ಹೇಳೂಕೆ ನಂಗೆ ಬಾಯಿ ಎಲ್ಲಿತ್ತು?"

ಅವಳು ಆ ಮಾತು ಆಡಿದ್ದು ತಾನೇ ಎಂದು ನಂಬದವಳಂತೆ ಒಂದು ಗಳಿಗೆ ನಿಂತಳು. ಅವನ ಮುಖ ನೋಡಿದಳು. ಆಮೇಲೆ ಒಲೆಯ ಹತ್ತಿರ ಹೋಗಿ, ಬೆನ್ನು ಹಾಕಿ ಕೂತು, ಹೇಳತೊಡಗಿದಳು. ನಾಗು ಹುಟ್ಟಿದ ವರ್ಷ ತಾಯಿಯನ್ನು ನೋಡಲು ತವರೂರಾದ ಹಿರೇಗುತ್ತಿಗೆ ಹೋಗುತ್ತೇನೆ ಎಂದದ್ದಕ್ಕೆ ಅವನು ಮಡಕೆ ಎಸೆದದ್ದು. ತಾಯಿ ಅದೇ ತಿಂಗಳು ಸತ್ತದ್ದು. ಹಾಡಿದಳೆಂದು ಅವನು ಅವಳನ್ನು ಜಾತ್ರೆಯಲ್ಲಿ ಕುಣಿಯುವ ಹೆಂಗಸು ಎಂದದ್ದು. ಅವನಿಗೆ ಇದಾವುದೂ ನೆನಪಿರಲಿಲ್ಲ. ಹಾಗೆ ಆಗಲಿಲ್ಲ ಎನ್ನಲು ಬಾಯಿ ತೆರೆದ, ದವಡೆ ಬಿಗಿಯುವುದು ತಿಳಿಯಿತು, ಮುಚ್ಚಿಕೊಂಡ.

ಅವಳು ನಿಲ್ಲಿಸಲಿಲ್ಲ. ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಯಾವುದನ್ನೂ ತಿದ್ದಲಾಗದೆ, ಎದ್ದು ಹೋಗಲೂ ಆಗದೆ ಮಾಬ್ಲ ಕೇಳುತ್ತ ಕೂತ. ಒಲೆಯ ಮೇಲೆ ಗಂಜಿ ಉಕ್ಕಿ ಬೆಂಕಿಗೆ ಚೆಲ್ಲಿತು. ಇಬ್ಬರೂ ಅದರ ಕಡೆ ನೋಡಲಿಲ್ಲ.