ತಾಯಿ ಬೆಕ್ಕು ಬರುವ ತನಕ

ನಮ್ಮ ಕಡೆ ಬೆಕ್ಕಿನ ಮರಿ ಕಣ್ಣಿಗೆ ಬೀಳದ ತಿಂಗಳೇ ಇಲ್ಲ. ಸಂಪಿನ ಪಕ್ಕ, ಮೀಟರ್ ಬೋರ್ಡ್ ಕೆಳಗೆ, ನಿಂತ ಕಾರಿನ ಅಡಿಯಲ್ಲಿ, ಎಲ್ಲೆಂದರಲ್ಲಿ. ಸಾಕಿದವರು ಮನೆ ಬದಲಿಸುವಾಗ ಫ್ರಿಜ್ ಒಯ್ಯುತ್ತಾರೆ, ತುಳಸಿ ಕುಂಡ ಒಯ್ಯುತ್ತಾರೆ, ಬೆಕ್ಕನ್ನು ಮಾತ್ರ ಗೇಟಿನ ಹೊರಗೆ ಬಿಟ್ಟು ಹೋಗುತ್ತಾರೆ. ಅಂಥವಕ್ಕೆಂದೇ ಎರಡು ವರ್ಷದ ಹಿಂದೆ ಉತ್ತರಹಳ್ಳಿಯಲ್ಲಿ ನಾನೊಂದು ಆಸರೆಮನೆ ಶುರು ಮಾಡಿದೆ. ನನ್ನ ಹೆಸರು ಶಾಂತಲಾ. ಜಯನಗರದಲ್ಲಿ ಸೀರೆಗೆ ಫಾಲ್ ಹೊಲಿಯುವುದು ನನ್ನ ಕಸುಬು, ಬೆಕ್ಕು ನನ್ನ ಹುಚ್ಚು.

ಜಾಗ ಅಕ್ಕಯಮ್ಮನವರದು. ಹೊಲಗಳೆಲ್ಲ ಲೇಔಟ್ ಆಗುವ ಮೊದಲು ಅದು ಅವರ ಆರು ಹಸುಗಳ ಕೊಟ್ಟಿಗೆ. ಈಗ ಸುತ್ತ ಬಾಡಿಗೆ ಮನೆಗಳು, ನಡುವೆ ಈ ಹಂಚಿನ ಮಾಡು. ಮಧ್ಯಾಹ್ನ ಹಂಚಿನ ಸಂದಿಯಿಂದ ಬಿಸಿಲು ಸಣ್ಣ ಬಿಲ್ಲೆಗಳಾಗಿ ಬಿದ್ದು, ಮಲಗಿದ ಹತ್ತೊಂಬತ್ತು ಬೆಕ್ಕುಗಳ ಮೇಲೆ ಮೆಲ್ಲಗೆ ಸರಿಯುತ್ತದೆ. ಆಗ ಒಳಗೆ ಕೂತರೆ ಬಸ್ಸಿನ ಹಾರನ್ ಕೂಡ ನಿದ್ದೆಯಲ್ಲಿ ಕೇಳಿದ ಹಾಗೆ ಕೇಳುತ್ತದೆ. ನಾನು ಸೂಜಿ ಹಿಡಿದು ಎಷ್ಟೋ ಸಲ ಹಾಗೇ ತೂಕಡಿಸಿದ್ದೇನೆ.

ಅಕ್ಕಯಮ್ಮನವರು ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತು ಗೊಣಗುತ್ತಿದ್ದರು.

"ಬೆಕ್ಕಿಗೂ ಒಂದು ಮನೆನಾ ಶಾಂತ? ಅದಕ್ಕೆ ಸೂಜಿ ಬೇರೆ ಚುಚ್ಚಿಸ್ತೀಯ, ಆಪರೇಷನ್ ಬೇರೆ ಮಾಡಿಸ್ತೀಯ. ದೇವರು ಕೊಟ್ಟಿದ್ದನ್ನ ಕಿತ್ಕೊಳ್ಳೋಕೆ ನೀನ್ಯಾರು?"

"ಆಪರೇಷನ್ ಮಾಡಿಸ್ದಿದ್ರೆ ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕುತ್ತೆ ಅಮ್ಮ. ಅಷ್ಟನ್ನೂ ಯಾರು ಸಾಕ್ತಾರೆ? ಅರ್ಧಕ್ಕರ್ಧ ಗಾಡಿ ಚಕ್ರದಡಿ ಹೋಗ್ತವೆ."

"ಯುಗಾದಿ ಆದ್ಮೇಲೆ ಬೇರೆ ಜಾಗ ನೋಡ್ಕೊ" ಎಂದು ಎದ್ದು ಹೋಗುತ್ತಿದ್ದರು. ಇದು ವಾರಕ್ಕೊಮ್ಮೆ ಇದ್ದದ್ದೇ.

ಮೊನ್ನೆ ಫೆಬ್ರವರಿಯಲ್ಲಿ ಇಟ್ಟಮಡುವಿನಿಂದ ಮೇಘಶ್ರೀ ಎಂಬ ಹುಡುಗಿ ಚಪ್ಪಲಿ ಡಬ್ಬಿಯೊಂದನ್ನು ಎದೆಗವಚಿಕೊಂಡು ಬಂದಳು. ಒಳಗೆ ಕಣ್ಣು ಬಿಡದ ನಾಲ್ಕು ಮರಿಗಳು.

"ಪಾರ್ಕಿಂಗಲ್ಲಿ ಸಿಕ್ವು ಅಕ್ಕ. ತಾಯಿ ಬಿಟ್ಟೋಗಿದೆ, ಪಾಪ."

ನಾನೂ "ಪಾಪ" ಎಂದೆ. ಬೇರೇನೂ ಕೇಳಲಿಲ್ಲ, ಇಸ್ಕೊಂಡೆ. ಒಳ್ಳೆ ಕೆಲಸ ಮಾಡಿದೆವೆಂದು ಇಬ್ಬರೂ ಹಿಗ್ಗಿದೆವು.

ಮರುದಿನ ಬೆಳಿಗ್ಗೆ ಅವುಗಳಲ್ಲಿ ಚಿಕ್ಕದು ಹಾಲು ನುಂಗಲಿಲ್ಲ. ಅಂಗೈಯಲ್ಲಿ ತಣ್ಣಗೆ ಜೋತುಬಿತ್ತು. ಗಾಬರಿಯಿಂದ ನಮ್ಮ ಡಾಕ್ಟರ್ ಹಂಸಾ ಅವರಿಗೆ ಫೋನ್ ಮಾಡಿದೆ.

"ಮೊದ್ಲು ಬೆಚ್ಚಗೆ ಮಾಡಿ. ಬಿಸಿನೀರಿನ ಬಾಟ್ಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೈ ತಣ್ಣಗಿದ್ದಾಗ ಹಾಲು ಹಾಕ್ಬೇಡಿ. ಹಸುವಿನ ಹಾಲಂತೂ ಬೇಡವೇ ಬೇಡ, ಭೇದಿಯಾಗುತ್ತೆ. ಮರಿಗೆ ಅಂತಾನೇ ಹಾಲಿನ ಪುಡಿ ಬರುತ್ತಲ್ಲ, ಅದನ್ನೇ ಕೊಡಿ. ಆದ್ರೆ ಶಾಂತಲಾ, ಇಷ್ಟು ಸಣ್ಣವಕ್ಕೆ ತಾಯಿ ಇಲ್ದಿದ್ರೆ ಕಷ್ಟ."

ಬಾಟಲಿ ಇಟ್ಟು, ಮರಿಯನ್ನು ಮಡಿಲಲ್ಲಿ ಮುಚ್ಚಿಕೊಂಡು ಕೂತೆ. ಅಳು ಬಂತು. ಹೊರಗಿನ ಕಲ್ಲಿನಿಂದ ಅಕ್ಕಯಮ್ಮನವರು ಕೇಳಿದರು, "ತಂದಾಗ ಹೊಟ್ಟೆ ದುಂಡಗಿತ್ತಾ?"

"ಇತ್ತು."

"ಮೈ ಗಲೀಜಾಗಿತ್ತಾ?"

"ಇಲ್ಲ. ಚೊಕ್ಕವಾಗಿತ್ತು. ಮಲಗಿದ್ವು."

"ಹೊಟ್ಟೆ ತುಂಬಾ ಹಾಲು ಕುಡಿಸಿ, ನೆಕ್ಕಿ ಮಲಗಿಸಿದ ತಾಯಿ ಬಿಟ್ಟೋಗಿದೆ ಅಂತ ಯಾರೇ ಹೇಳಿದ್ದು ನಿಂಗೆ? ಬೆಕ್ಕು ತನ್ನ ಮರಿಗಳ್ನ ಏಳು ಮನೆ ತಿರುಗಿಸುತ್ತೆ. ಒಂದೊಂದಾಗಿ ಕಚ್ಕೊಂಡು ಹೋಗುತ್ತೆ. ಜಾಗ ಹುಡುಕೋಕೆ ಹೋಗಿರುತ್ತೆ, ಹೊಟ್ಟೆಪಾಡಿಗೆ ಹೋಗಿರುತ್ತೆ. ಅಷ್ಟರಲ್ಲಿ ನೀವು ಹೋಗಿ ಎತ್ಕೊಂಡ್ ಬಂದಿದೀರ!"

ಮೇಘಶ್ರೀಗೆ ಫೋನ್ ಮಾಡಿ, ಅಲ್ಲಿ ತಾಯಿ ಬೆಕ್ಕೇನಾದರೂ ಕಾಣುತ್ತಿದೆಯಾ ಎಂದು ಕೇಳಿದೆ.

"ಹೌದಕ್ಕ, ನಿನ್ನೆಯಿಂದ ಒಂದು ಬೆಕ್ಕು ಪಾರ್ಕಿಂಗಲ್ಲಿ ಕೂಗ್ತಾನೇ ಇದೆ. ಬೂದು ಬೆಕ್ಕು. ಯಾಕೆ?"

ಡಬ್ಬಿ ಎತ್ತಿಕೊಂಡು ಆಟೋ ಹಿಡಿದೆ. ಅಕ್ಕಯಮ್ಮನವರೂ ಹತ್ತಿದರು, ಬೇಡವೆಂದರೆ ಕೇಳುವವರಲ್ಲ. ಚಿಕ್ಕ ಮರಿಯನ್ನು ನನ್ನಿಂದ ಕಿತ್ತುಕೊಂಡು ಸೆರಗೊಳಗೆ ಹೊಟ್ಟೆಗೆ ಒತ್ತಿ ಹಿಡಿದರು. ದಾರಿಯುದ್ದಕ್ಕೂ ಅದರೊಂದಿಗೇ ಏನೋ ಪಿಸುಗುಡುತ್ತಿದ್ದರು.

"ಮನುಷ್ಯರು ಮುಟ್ಟಿದ್ರೆ ತಾಯಿ ಸೇರಿಸಲ್ವಂತಲ್ಲ ಅಕ್ಕ?" ಇಟ್ಟಮಡುವಿನಲ್ಲಿ ಇಳಿದಾಗ ಗೇಟಿನಲ್ಲೇ ಮೇಘಶ್ರೀ ಕಣ್ಣೀರಿಟ್ಟಳು.

"ಅದು ಬರೀ ಮಾತು ಕಣಮ್ಮ. ಸೇರಿಸುತ್ತೆ. ನಾವು ದೂರ ಇರ್ಬೇಕು ಅಷ್ಟೆ" ಎಂದೆ. ಇದೊಂದಾದರೂ ನನಗೆ ಗೊತ್ತಿತ್ತು.

ಚಿಕ್ಕದನ್ನೂ ಒಳಗೆ ಮಲಗಿಸಿ, ಸಿಕ್ಕಿದ ಜಾಗದಲ್ಲೇ ಡಬ್ಬಿ ಇಟ್ಟೆವು, ಬಟ್ಟೆ ಸುತ್ತಿದ ಬಾಟಲಿಯ ಸಮೇತ. ಮೂವರೂ ದೂರದ ಮೆಟ್ಟಿಲ ಮೇಲೆ ಕೂತೆವು. ಮಧ್ಯಾಹ್ನ ಕರಗತೊಡಗಿತು. ಯಾರ ಮನೆಯಲ್ಲೋ ಕುಕ್ಕರ್ ಕೂಗಿ ಸುಮ್ಮನಾಯಿತು. ಕಾಂಪೌಂಡಿನ ಹೊಂಗೆ ಮರದ ನೆರಳು ಒಂದು ಸ್ಕೂಟರ್ ದಾಟಿ ಇನ್ನೊಂದಕ್ಕೆ ಬಂತು. ಹಣ್ಣೆಲೆ ಉದುರುತ್ತಲೇ ಇತ್ತು. ನನಗೆ ಕಾಲವೇ ನಿಂತಂತೆ ಅನಿಸಿತು.

ನಾಲ್ಕು ಗಂಟೆಗೆ ಗೋಡೆಯ ಮೇಲೆ ಬೂದು ಬೆಕ್ಕು ಬಂತು. ನಮ್ಮನ್ನು ನೋಡಿತು. ಇಳಿಯಿತು. ಡಬ್ಬಿಗೆ ಮೂಗಿಟ್ಟಿತು. ಆಮೇಲೆ ಒಳಗೆ ಹೊಕ್ಕು ಮಲಗಿ ಒಂದೊಂದನ್ನೇ ನೆಕ್ಕತೊಡಗಿತು. ಮೂರು ಮರಿ ಮೊಲೆಗೆ ಬಾಯಿ ಹಾಕಿದವು. ಚಿಕ್ಕದು ಹಾಗೇ ಬಿದ್ದಿತ್ತು. ತಾಯಿ ಅದನ್ನು ಬಿಡಲಿಲ್ಲ. ನೆಕ್ಕಿತು, ಮುಂಗಾಲಿನಿಂದ ಹತ್ತಿರ ಎಳೆದುಕೊಂಡಿತು, ಮತ್ತೆ ನೆಕ್ಕಿತು.

ಅಕ್ಕಯಮ್ಮನವರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಆ ಹಿಡಿತ ಒಮ್ಮೆಗೇ ಸಡಿಲವಾಯಿತು.

"ಕುಡೀತಾ ಇದೆ" ಎಂದರು. ಅವರ ಕಣ್ಣು ತುಂಬಿತ್ತು. "ಶಾಂತ, ಈ ತಾಯಿಗೆ ಆಪರೇಷನ್ ಯಾವಾಗ ಮಾಡಿಸ್ತೀಯ?"

ನಾನು ತಿರುಗಿ ನೋಡಿದೆ.

"ಹಂಗ್ಯಾಕ್ ನೋಡ್ತೀಯ? ನಿನ್ನೆಯಿಂದ ಎಷ್ಟು ಒದ್ದಾಡಿದೆ ಇದು. ಇನ್ನೊಂದ್ಸಲ ಈ ಗೋಳು ಬೇಡ."

"ಮರಿಗಳು ಹಾಲು ಬಿಡ್ಲಿ ಅಮ್ಮ, ಎರಡು ತಿಂಗಳಾಗುತ್ತೆ. ಆಮೇಲೆ ಮರಿಗಳಿಗೆ ಮನೆ ಹುಡುಕೋಣ."

ಯುಗಾದಿ ಬಂತು, ಹೋಯಿತು. ಜಾಗ ಬಿಡು ಎಂದು ಯಾರೂ ಹೇಳಲಿಲ್ಲ. ಈಗ ಅಕ್ಕಯಮ್ಮನವರು ಕೊಟ್ಟಿಗೆಯ ಒಳಗೇ ಕುರ್ಚಿ ಹಾಕಿಸಿಕೊಂಡಿದ್ದಾರೆ. ಮರಿ ತಂದವರು ಮೊದಲು ಅವರಿಗೆ ಉತ್ತರ ಹೇಳಬೇಕು. ಎಲ್ಲಿ ಸಿಕ್ಕಿತು, ಹೊಟ್ಟೆ ಹೇಗಿತ್ತು, ಎಷ್ಟು ಹೊತ್ತು ಕಾದಿರಿ? ಅವರ ಬಾಯಿಗೆ ಹೆದರಿಯೇ ಅರ್ಧ ಜನ ವಾಪಸ್ ಹೋಗಿ ಕಾಯುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಟೇಪ್ ಸುತ್ತಿದ ಡಬ್ಬಿಯಲ್ಲಿ ಮರಿ ಸಿಕ್ಕರೆ, ಮೈ ತಣ್ಣಗಾಗಿದ್ದರೆ, ಗಾಯವಾಗಿದ್ದರೆ, ನಾಯಿಗಳು ಸುತ್ತುತ್ತಿದ್ದರೆ ಕಾಯಬೇಡಿ, ತಕ್ಷಣ ಹತ್ತಿರದ ಆಸರೆಮನೆಗೋ ಡಾಕ್ಟರಿಗೋ ತನ್ನಿ. ಚೊಕ್ಕವಾಗಿ, ಹೊಟ್ಟೆ ತುಂಬಿ ಮಲಗಿದ್ದರೆ ಮುಟ್ಟದೆ ದೂರ ನಿಂತು ಮೂರು ನಾಲ್ಕು ಗಂಟೆ ನೋಡಿ. ತಾಯಿಗೆ ಒಂದು ತಟ್ಟೆ ಅನ್ನ, ಒಂದು ಬಟ್ಟಲು ನೀರಿಡಿ. ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೆ ಆಪರೇಷನ್ ಮಾಡಿಸಿ. ಮನೆ ಬದಲಿಸುವಾಗ ಸಾಕಿದ ಬೆಕ್ಕನ್ನು ಜೊತೆಗೆ ಕರೆದೊಯ್ಯಿರಿ.

ಎರಡು ವರ್ಷದಲ್ಲಿ ನಾನು "ಪಾಪ" ಎಂದು ಇಸ್ಕೊಂಡ ಮರಿಗಳಲ್ಲಿ ಎಷ್ಟಕ್ಕೆ ತಾಯಿ ಇತ್ತೋ ನನಗೆ ಗೊತ್ತಿಲ್ಲ. ನಾನು ಕೇಳಲೇ ಇಲ್ಲ. ನೀವು ಕೇಳಿ.