ಏಣಿ ಯಾವ ಬದಿಗಿತ್ತು

ಕುರಾಮೊಚಿಯವರ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಅವರ ಕೈಕೆಲಸ ನೋಡಿ ಅಲ್ಲ, ಅವರ ಬಿಡುವು ನೋಡಿ. ನಿವೃತ್ತ ದಂತವೈದ್ಯರು. ಬೆಳಗಿನ ತಿಂಡಿ ಮುಗಿಸಿ ಮೇಜಿನ ಮುಂದೆ ಕೂತರೆ ಏಳುವುದು ಮಧ್ಯಾಹ್ನಕ್ಕೆ. ನಡುವೆ ಹೆಂಡತಿ ಸೇಬು ಹೆಚ್ಚಿ ತಂದಿಟ್ಟು ಸದ್ದಿಲ್ಲದೆ ಹೋಗುತ್ತಾರಂತೆ. ನಾನು ಬೆಳಗಿನ ಜಾವ ನಾಲ್ಕಕ್ಕೆ ಬುತ್ತಿ ಡಬ್ಬಿಗಳಿಗೆ ಅನ್ನ ತುಂಬುವ ಕಾರ್ಖಾನೆಯಲ್ಲಿ ನಿಲ್ಲುವವಳು. ಆ ಕೆಲಸ, ಇಬ್ಬರು ಮಕ್ಕಳ ಬಟ್ಟೆ, ಶಾಲೆಯಿಂದ ಬರುವ ಚೀಟಿಗಳು ಎಲ್ಲ ಮುಗಿದು ನನ್ನ ಪಾಲಿಗೆ ಉಳಿಯುವುದು ದಿನಕ್ಕೆ ಇಪ್ಪತ್ತು ನಿಮಿಷ. ಅಂಟು ಹಿಡಿಯುವಷ್ಟರಲ್ಲಿ ಯಾರಾದರೂ ‘ಅಮ್ಮಾ’ ಎಂದಿರುತ್ತಾರೆ.

ಆ ಇಪ್ಪತ್ತು ನಿಮಿಷಗಳಲ್ಲೇ ಹನ್ನೊಂದು ವರ್ಷದಿಂದ ಒಂದೇ ಜಾತಿಯ ವಿಮಾನಗಳ ಮಾದರಿ ಮಾಡುತ್ತಿದ್ದೇನೆ. ಓಡದೆ, ನಿಂತಲ್ಲಿಂದಲೇ ನೆಟ್ಟಗೆ ಮೇಲೇಳಲು ಹೊರಟ ಪ್ರಯೋಗದ ವಿಮಾನಗಳು. ಬಾಲದ ಮೇಲೆ ಕೂತವು, ರೆಕ್ಕೆಯನ್ನೇ ಆಕಾಶಕ್ಕೆ ತಿರುಗಿಸಿಕೊಂಡವು, ಹೊಟ್ಟೆ ತುಂಬ ಇಂಜಿನ್ ಹೇರಿಕೊಂಡವು. ಹೆಚ್ಚಿನವು ಒಂದೆರಡು ವರ್ಷ ಹಾರಿ ಮೂಲೆ ಸೇರಿದಂಥವು. ಅಂಗಡಿಯಲ್ಲಿ ಅವುಗಳ ಸಿದ್ಧ ಪೆಟ್ಟಿಗೆ ಸಿಗುವುದು ಅಪರೂಪ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕೈಯಾರೆ ಮಾಡಬೇಕು. ಹಮಾಮಾತ್ಸುವಿನ ನಮ್ಮ ಮಾದರಿ ಮಾಡುವವರ ಸಂಘದಲ್ಲಿ ಇಂಥ ವಿಮಾನದ ಬಗ್ಗೆ ಏನು ಅನುಮಾನ ಬಂದರೂ ‘ಶಿಯೋಮಿ-ಸಾನ್ ಹತ್ರ ಕೇಳಿ’ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ನನಗೆ ಅಂತ ಇದ್ದ ಹೆಸರು ಅದೊಂದೇ.

ಕುರಾಮೊಚಿ ಸಂಘಕ್ಕೆ ಬಂದ ಮೂರೇ ತಿಂಗಳಿಗೆ ಅದು ‘ಸೆನ್ಸೇ ಹತ್ರ ಕೇಳಿ’ ಎಂದಾಯಿತು. ಮೇಷ್ಟ್ರಿಗೂ ಡಾಕ್ಟರಿಗೂ ನಮ್ಮಲ್ಲಿ ಸೆನ್ಸೇ ಎಂದೇ ಗೌರವ. ಹಲ್ಲಿನ ಡಾಕ್ಟರನ್ನು ಇನ್ನೇನೆಂದಾರು?

ಜನವರಿಯ ಸಭೆಯಲ್ಲಿ ಟೈರ್ ಅಂಗಡಿಯ ತೋಬಿತಾ, ಅವರೇ ನಮ್ಮ ಸಂಘದ ಮುಖ್ಯಸ್ಥರು, ಬಾಗಿಲಲ್ಲೇ ನನ್ನನ್ನು ಹಿಡಿದರು. “ಸೆನ್ಸೇ ಈ ಸಲ ಏನಕ್ಕೆ ಕೈ ಹಾಕಿದಾರೆ ಗೊತ್ತೇನ್ರೀ? ನಿಮ್ಮ ಬಟ್ಟೆ ಒಣಗ್ಸೋ ಸ್ಟ್ಯಾಂಡಿಗೆ!”

ಅದಕ್ಕೆ ಆ ಹೆಸರಿಟ್ಟದ್ದೂ ತೋಬಿತಾ ಅವರೇ. ರೆಕ್ಕೆ ಇಲ್ಲ, ಮೈ ಇಲ್ಲ. ಬರೀ ಕೊಳವೆಗಳ ಚೌಕಟ್ಟು, ನಡುವೆ ನೆಟ್ಟಗೆ ನಿಂತ ಎರಡು ಜೆಟ್ ಇಂಜಿನ್, ಮುಂದೆ ಪೈಲಟ್ಟಿನ ಆಸನ. ಉತ್ತರದ ಒಂದು ಪರೀಕ್ಷಾ ಮೈದಾನದಲ್ಲಿ ಕೆಲವೇ ಸಲ ಮೇಲೆದ್ದು, ಆಮೇಲೆ ಬಿಚ್ಚಿಹಾಕಿದ ಯಂತ್ರ. ನಾನು ಮಾಡಲು ಹಿಡಿದಿದ್ದ ಅದರ ಮಾದರಿ ನಾಲ್ಕು ವರ್ಷದಿಂದ ಬಿಸ್ಕತ್ತಿನ ಡಬ್ಬಿಯಲ್ಲಿ ಅರ್ಧಕ್ಕೇ ಮಲಗಿತ್ತು.

“ಅದರ ಫೋಟೋ ಅಂತ ಇರೋದು ನಿಮ್ಮ ಹತ್ರ ಮಾತ್ರವಂತೆ,” ಎಂದು ಕುರಾಮೊಚಿ ಚಾಪೆಗೆ ಹಣೆ ತಾಗುವಷ್ಟು ಬಾಗಿದರು. “ಸ್ವಲ್ಪ ದಿನಕ್ಕೆ ಕೊಡೋಕಾಗುತ್ತಾ?”

ಟೋಕಿಯೋದ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಫೋಟೋ ಅದು. ಯಂತ್ರದ ಬಲಗಡೆ ಸಣ್ಣ ಏಣಿ. ಅದನ್ನು ಹಿಡಿದು ನಿಂತ ಮೆಕ್ಯಾನಿಕ್ ಒಬ್ಬನ ಮುಖ ಟೋಪಿಯ ನೆರಳಲ್ಲಿ ಮುಚ್ಚಿಹೋಗಿದೆ. ನಾನು ಮೊದಲು ಫೋಟೋ ನೋಡಿಯೇ ಇಂಧನದ ತೊಟ್ಟಿಯ ಬಲ ಪಕ್ಕೆಗೆ ಎರಡು ತೂತು ಕೊರೆದು ಏಣಿ ಕೂರಿಸಿದ್ದೆ. ಆಮೇಲೊಂದು ದಿನ ಕಣ್ಣಿಗೆ ಬಿತ್ತು: ಮೆಕ್ಯಾನಿಕ್‌ನ ಗಡಿಯಾರ ಬಲಗೈಯಲ್ಲಿತ್ತು. ಹಾಗೆ ಯಾರು ಕಟ್ಟುತ್ತಾರೆ? ಫಿಲ್ಮು ತಿರುವುಮುರುವಾಗಿ ಅಚ್ಚಾದ ಫೋಟೋ ಇದು ಎಂದು ನಿಶ್ಚಯಿಸಿದೆ. ಯಂತ್ರ ಎರಡೂ ಬದಿಗೆ ಒಂದೇ ತರ. ಬದಿ ಹೇಳುವುದೆಂದರೆ ಏಣಿಯೊಂದೇ. ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಏಣಿಯನ್ನು ಎಡಕ್ಕೆ ಅಂಟಿಸಿದೆ.

ಮುಂದಿನ ಸಭೆಯಲ್ಲಿ ಫೋಟೋ ಕೊಡುವಾಗ ಗಡಿಯಾರದ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು, “ನನಗೇನೂ ಅವಸರ ಇಲ್ಲ ಬಿಡಿ. ದಿನವಿಡೀ ಅದೇ ಕೆಲಸ ತಾನೇ!” ಎಂದು ನಕ್ಕರು.

ನಾನು ಬಾಯಿ ಮುಚ್ಚಿಕೊಂಡೆ. ಅವತ್ತೇ ಬಿಸ್ಕತ್ತಿನ ಡಬ್ಬಿಯನ್ನು ಕಪಾಟಿನಿಂದ ಇಳಿಸಿದೆ.

ಮೇ ತಿಂಗಳಲ್ಲಿ ಶಿಜುವೋಕಾದಲ್ಲಿ ಎಲ್ಲ ಸಂಘಗಳೂ ಸೇರಿ ನಡೆಸುವ ಪ್ರದರ್ಶನ. ಅಲ್ಲಿ ಬಹುಮಾನವಿಲ್ಲ, ತೀರ್ಪುಗಾರರಿಲ್ಲ. ಆದರೂ ಎಲ್ಲರೂ ಒಳಗೊಳಗೇ ಲೆಕ್ಕ ಇಡುವುದೊಂದಿದೆ: ಎಷ್ಟು ಜನ ನಡೆಯುತ್ತ ನೋಡಿದರು, ಎಷ್ಟು ಜನ ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು.

ಭಾನುವಾರ ಬೆಳಿಗ್ಗೆ ಒಂದೇ ಬಿಳಿ ಬಟ್ಟೆಯ ಮೇಲೆ ನಮ್ಮಿಬ್ಬರ ಯಂತ್ರಗಳು ನಿಂತವು. ಅವರದನ್ನು ಹತ್ತಿರದಿಂದ ಬಗ್ಗಿ ನೋಡಿದೆ. ಕೊಳವೆಯ ಒಂದೊಂದು ಬೆಸುಗೆಯೂ ಕಾಣುತ್ತಿತ್ತು. ಬೆಂಕಿ ಉಗುಳುವ ಬಾಯಿಯ ಸುತ್ತ ಲೋಹ ಕಾದು ನೀಲಿಗಟ್ಟಿದ ಬಣ್ಣವಿತ್ತು. ಪಕ್ಕದಲ್ಲಿ ನನ್ನದು ನಿಜಕ್ಕೂ ಬಟ್ಟೆ ಒಣಗಿಸುವ ಸ್ಟ್ಯಾಂಡೇ.

“ಏಣಿ…” ಎಂದು ಕುರಾಮೊಚಿ ಎರಡನ್ನೂ ನೋಡಿದರು. ಅವರದರಲ್ಲಿ ಅದು ಬಲಕ್ಕಿತ್ತು, ನನ್ನದರಲ್ಲಿ ಎಡಕ್ಕೆ.

ನಾನು ಕಾದಿದ್ದೇ ಅದಕ್ಕೆ. ನನ್ನ ಬಳಿಯಿದ್ದ ಫೋಟೋದ ನಕಲು ತೆಗೆದು ತೋರಿಸಿದೆ. “ಗಡಿಯಾರ ನೋಡಿ ಸೆನ್ಸೇ. ಬಲಗೈಯಲ್ಲಿದೆ. ಫೋಟೋನೇ ತಿರುಗಾಮುರುಗಾ.”

“ಅಯ್ಯಯ್ಯೋ ಸೆನ್ಸೇ!” ತೋಬಿತಾ ತೊಡೆ ತಟ್ಟಿಕೊಂಡರು. “ಎಡಗಡೆ ಹಲ್ಲು ನೋವು ಅಂದ್ರೆ ಬಲಗಡೇದು ಕಿತ್ತಂಗಾಯ್ತಲ್ಲ!”

ಎಲ್ಲರೂ ನಕ್ಕರು. ಕುರಾಮೊಚಿಯೂ ನಕ್ಕರು, ಕಿವಿ ಮಾತ್ರ ಕೆಂಪಾಗಿತ್ತು. “ನಿಮಗೆ ಯಾವಾಗ ಗೊತ್ತಾಯ್ತು ಶಿಯೋಮಿ-ಸಾನ್?”

“ಮೊನ್ನೆ ಮೊನ್ನೆ,” ಎಂದೆ. “ಅಷ್ಟೊತ್ತಿಗೆ ನಿಮ್ಮದು ಮುಗಿದುಹೋಗಿತ್ತಲ್ಲ.”

ಅವರು ತಲೆಯಾಡಿಸಿ, ಒಂದು ಚೀಟಿಯಲ್ಲಿ ‘ಏಣಿ ತಪ್ಪು ಬದಿಗಿದೆ. ಸರಿಯಾದದ್ದಕ್ಕೆ ಪಕ್ಕದ ಮಾದರಿ ನೋಡಿ’ ಎಂದು ಬರೆದು ತಮ್ಮ ಯಂತ್ರದ ಮುಂದಿಟ್ಟರು. ಅಲ್ಲಿಂದ ಮಧ್ಯಾಹ್ನದವರೆಗೆ ನನ್ನ ಸ್ಟ್ಯಾಂಡಿನ ಮುಂದೆ ಇಪ್ಪತ್ತಮೂರು ಜನ ಕುಕ್ಕರಗಾಲಲ್ಲಿ ಕೂತರು. ತಂದಿದ್ದ ಅನ್ನದ ಉಂಡೆ ತಿನ್ನಲೂ ನಾನು ಜಾಗ ಬಿಟ್ಟು ಕದಲಲಿಲ್ಲ.

ಇಪ್ಪತ್ತನಾಲ್ಕನೆಯವನು ಕೋಲೂರಿಕೊಂಡು ಬಂದ ಮುದುಕ. ಕೂತದ್ದು ಮಾತ್ರ ಕುರಾಮೊಚಿಯವರ ಯಂತ್ರದ ಮುಂದೆ. ಬಹಳ ಹೊತ್ತು ನೋಡಿದ, ಕೊನೆಗೆ ಚೀಟಿ ಓದಿದ.

“ಯಾರು ಬರ್ದಿದ್ದು ಇದನ್ನ?”

“ನಾನೇ,” ಎಂದರು ಕುರಾಮೊಚಿ.

“ಹರಿದು ಬಿಸಾಕಪ್ಪ. ಏಣಿ ಬಲಗಡೆನೇ ಇದ್ದಿದ್ದು. ಪೈಲಟ್‌ನ ದಿನಾ ಹತ್ತಿಸ್ತಿದ್ದೋನು ನಾನು.” ಮುದುಕ ಎಡಗೈ ಚಾಚಿ ತೋರಿಸಿದ. ಕೋಲು ಹಿಡಿದ ಬಲಗೈಯ ಮೇಲಿನ ಅಂಗಿತೋಳು ಮೇಲೆ ಸರಿದಿತ್ತು. ಅಲ್ಲಿ ಗಡಿಯಾರವಿತ್ತು.

ತೋಬಿತಾ ನನ್ನ ಕೈಯಿಂದ ನಕಲು ಕಸಿದು ಅವನ ಮುಂದೆ ಹಿಡಿದರು. “ತಾತ, ಇದು ನೀವೇನಾ?”

“ಮತ್ತೆ? ನಾನು ಎಡಚ. ಗಡಿಯಾರ ಬಲಕ್ಕೆ. ಅದಕ್ಕೇ ನಮ್ಮ ಮೇಸ್ತ್ರಿ ಹತ್ರ ಬೈಸ್ಕೊಳ್ತಿದ್ದೆ.”

“ನೋಡಿದ್ರಾ! ಶಿಯೋಮಿ-ಸಾನ್ ಕೊಟ್ಟ ಫೋಟೋನೇ ಸರಿ. ತಾನು ಎಡವಿದ್ರೂ ಸೆನ್ಸೇನ ದಡ ಸೇರಿಸಿಬಿಟ್ರು ನಮ್ಮ ಪುಣ್ಯಾತ್ಗಿತ್ತಿ!” ತೋಬಿತಾ ನನಗೆ ಕೈಮುಗಿಯುವವರಂತೆ ನಟಿಸಿದರು. ಸುತ್ತಲಿನವರು ಚಪ್ಪಾಳೆ ತಟ್ಟಿದರು.

ಕುರಾಮೊಚಿ ಒಬ್ಬರು ತಟ್ಟಲಿಲ್ಲ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನನ್ನ ಯಂತ್ರದ ಮೇಲೆ ಬಗ್ಗಿದ್ದರು. ಇಂಧನದ ತೊಟ್ಟಿಯ ಬಲ ಪಕ್ಕೆಯ ಹತ್ತಿರ ಬೆರಳು ನಿಂತಿತು.

“ಇಲ್ಲಿ ಎರಡು ತೂತು ತುಂಬಿದೀರಿ,” ನನಗಷ್ಟೇ ಕೇಳುವಂತೆ ಹೇಳಿದರು. “ಪುಟ್ಟಿ ಕುಗ್ಗಿ ಒಳಗಿಳಿದಿದೆ. ತೂತು ತುಂಬಿದ ಹಲ್ಲುಗಳನ್ನೇ ನಲವತ್ತು ವರ್ಷ ನೋಡ್ಕೊಂಡು ಬಂದೋನು ನಾನು. ಇದು ಮೊನ್ನೇದಲ್ಲ. ಮೂರು ವರ್ಷವಾದ್ರೂ ಆಗಿರ್ಬೇಕು.”

“ನಾಲ್ಕು,” ಎಂದೆ.

ಅವರು ಭೂತಗನ್ನಡಿ ತೆಗೆದರು. ಅವರು ಯಾರಿಗೂ ಹೇಳುವುದಿಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು. ನನ್ನ ಹೊಟ್ಟೆಯನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಅದೇ. ಇನ್ನು ಮುಂದೆ ನನ್ನ ಹೆಸರು ಉಳಿಯುವುದಾದರೆ ಅದು ಇವರ ದಯೆಯಿಂದ.

“ತೋಬಿತಾ-ಸಾನ್,” ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. “ಚಪ್ಪಾಳೆ ಬೇಡ. ಅದು ತಪ್ಪು ಫೋಟೋ ಅಂದ್ಕೊಂಡೇ ನಾನು ಸೆನ್ಸೇಗೆ ಕೊಟ್ಟಿದ್ದು. ಗಡಿಯಾರ ಆಗಲೇ ನೋಡಿದ್ದೆ. ಬೇಕಂತಲೇ ಹೇಳ್ಲಿಲ್ಲ.”

ತೋಬಿತಾ ನಕಲನ್ನು ನನ್ನ ಕೈಗೆ ವಾಪಸ್ಸಿಟ್ಟರು.

“ಯಾಕೆ?” ಎಂದು ಕೇಳಿದರು ಕುರಾಮೊಚಿ.

“ನಿಮಗೆ ಅವಸರ ಇರ್ಲಿಲ್ಲ. ಅದಕ್ಕೆ.”

ಅವರಿಗೆ ಅದು ಅರ್ಥವಾಗಲಿಲ್ಲ. ಆಗಲು ಸಾಧ್ಯವೂ ಇರಲಿಲ್ಲ. “ನನಗೀಗ ಸಿಟ್ಟು ಬಂದಿದೆ ಶಿಯೋಮಿ-ಸಾನ್,” ಎಂದರು, ನಾಡಿ ಹಿಡಿದು ಜ್ವರ ಇದೆ ಎನ್ನುವಷ್ಟೇ ಮೆತ್ತಗೆ. “ಇವತ್ತು ಇದರ ಮಾತು ಬೇಡ.”

ಆಮೇಲೆ ಪುಟ್ಟ ಪುಸ್ತಕ ತೆಗೆದು ಮುದುಕನ ಪಕ್ಕ ಕೂತರು. ಮುದುಕನಿಗೆ ಹೇಳಲು ಐವತ್ತು ವರ್ಷದ್ದು ಬಾಕಿಯಿತ್ತು. ಇಂಜಿನ್ ಹೊತ್ತಿದಾಗ ನೆಲದ ಜಲ್ಲಿ ಮಂಡಿಗೆ ಬಡಿಯುತ್ತಿದ್ದದ್ದು, ಪೈಲಟ್ಟು ಪ್ರತಿಸಲ ಎರಡನೇ ಮೆಟ್ಟಿಲಲ್ಲೇ ಎಡವುತ್ತಿದ್ದದ್ದು. ನಾನು ಎರಡು ಹೆಜ್ಜೆ ಹಿಂದೆ ನಿಂತು ಕೇಳಿಸಿಕೊಂಡೆ. ಕುರಾಮೊಚಿ ತಿರುಗಿ ನೋಡಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಆಸನದ ಬಟ್ಟೆ ಯಾವ ಬಣ್ಣದ್ದು ಎಂದು ಮುದುಕ ಹೇಳುವ ಹೊತ್ತಿಗೇ ಸರಿಯಾಗಿ ಹಿಂದಿನ ಮೇಜಿನವರು ಗದ್ದಲ ಮಾಡಿದರು. ಕುರಾಮೊಚಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡದ್ದು ಮಾತ್ರ ಕಂಡಿತು.

ಕಪ್ಪು ಬಿಳುಪಿನ ಫೋಟೋದಲ್ಲಿ ಆ ಬಣ್ಣ ತಿಳಿಯುವುದಿಲ್ಲ. ನಾನು ಅಂದಾಜಿನಲ್ಲಿ ಕಂದು ಬಳಿದಿದ್ದೆ. ಸರಿಯಾದದ್ದು ಬೇಕೆಂದರೆ ಇನ್ನು ನಾನು ಕುರಾಮೊಚಿಯವರನ್ನೇ ಕೇಳಬೇಕು.