ತೂಕಕ್ಕೆ ಕೊಂಡ ಚೀಲ

ಅಂಗಡಿಯವನು ಹೇಳಿದ ಬೆಲೆ ಕೊಟ್ಟು ಒಂದು ಮೊಳೆ ತಂದರೂ ಸರಿ, ಆ ದಿನ ನನ್ನ ಗಂಡನಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮರಕ್ಕೆ ಎಷ್ಟು ದುಡ್ಡು ಬೇಕಾದರೂ ಸುರಿಯುವ ಬಡಗಿ ಇವರು. ಕೀಲು, ಚಿಲಕ, ಹಿಡಿಕೆ, ತಿರುಪುಮೊಳೆ ಎಂದರೆ ಮಾತ್ರ ಕೈ ಜೇಬಿನಿಂದ ಈಚೆಗೇ ಬಾರದು. "ಮರ ಎಲ್ಲರ ಕಣ್ಣಿಗೂ ಕಾಣುತ್ತೆ. ಒಳಗಿನ ಕಬ್ಬಿಣ ಯಾವನು ನೋಡ್ತಾನೆ?" ಎನ್ನುವುದು ಇವರ ವಾದ. ಕೆಡವಿದ ಮನೆಗಳ ಬಾಗಿಲಿಂದ ಬಿಚ್ಚಿದ ಕೀಲುಗಳು, ಮುಚ್ಚಿದ ಅಂಗಡಿಗಳ ಉಳಿಕೆ ಮಾಲು, ಎಲ್ಲವೂ ಚೀಲದಲ್ಲಿ ಮನೆಗೆ ಬರುತ್ತಿದ್ದವು. ಅವನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಜೋಡಿ ಹೊಂದಿಸಿ ಇಡುವುದು ನನ್ನ ಪಾಲಿನ ಕೆಲಸ. ಮಕ್ಕಳು ದೊಡ್ಡವರಾಗಿ ಅವರವರ ಮನೆ ಸೇರಿದರೂ ನನ್ನ ಕೈಯ ಸೀಮೆಎಣ್ಣೆ ವಾಸನೆ ಹೋಗಲಿಲ್ಲ.

ಇವರೂ ನನ್ನ ಮೈದುನನೂ ಮೊದಲು ಒಂದೇ ಷೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರು. ಒಮ್ಮೆ ಒಬ್ಬ ಗಿರಾಕಿಯ ಬೀರುವಿನ ಬಾಗಿಲು ಕೀಲು ಮುರಿದು ಆತನ ಕಾಲಿನ ಮೇಲೆ ಬಿತ್ತು. ಕುಂಟಿಕೊಂಡು ಬಂದು ಕೂಗಾಡಿದ. ಮೈದುನ ಉಳಿ ಕೆಳಗಿಡದೆ, "ನನ್ನನ್ನ ಕೇಳ್ಬೇಡಿ ಸ್ವಾಮಿ. ಕಬ್ಬಿಣ ತರೋದು ನಮ್ಮಣ್ಣ. ಬದನೆಕಾಯಿ ತಂದ ಹಾಗೆ ತೂಕಕ್ಕೆ ತರ್ತಾನೆ" ಎಂದುಬಿಟ್ಟ. ಅಲ್ಲೇ ನಿಂತಿದ್ದ ಇವರ ಮುಖ ಕಪ್ಪಿಟ್ಟಿತು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ಮುರಿಯಿತು. ಮೈದುನ ರಸ್ತೆಯ ಆಚೆ ಬದಿ ಬೇರೆ ಷೆಡ್ಡು ಹಿಡಿದು ಮೇಲೆ ಬೋರ್ಡು ಬರೆಸಿದ: ಇಲ್ಲಿ ಅಸಲಿ ಮಾಲು ಮಾತ್ರ. ಬೋರ್ಡನ್ನು ದಾರಿಹೋಕರಿಗೆ ಕಾಣುವಂತೆ ಹಾಕಲಿಲ್ಲ, ನಮ್ಮ ಬಾಗಿಲಿಗೆ ನೇರವಾಗಿ ಹಾಕಿದ.

ಆಮೇಲೆ ಮಾರುಕಟ್ಟೆಯ ಮೂಲೆಯಲ್ಲಿ ರೆಡಿಮೇಡ್ ಮೇಜು ಕುರ್ಚಿಯ ದೊಡ್ಡ ಅಂಗಡಿ ಬಂತು. ಇಬ್ಬರಿಗೂ ಕೆಲಸ ಕಡಿಮೆಯಾಯಿತು. ನಮ್ಮ ಷೆಡ್ಡಿನಲ್ಲಿ ಗರಗಸದ ಸದ್ದಿಗಿಂತ ನೊಣದ ಸದ್ದೇ ಹೆಚ್ಚಾಯಿತು. ಅಂಥ ಹೊತ್ತಿನಲ್ಲಿ ವಿದ್ಯಾರ್ಥಿಗಳ ಹಾಸ್ಟೆಲಿನ ಮ್ಯಾನೇಜರು ಬಂದು, ಡ್ರಾಯರ್ ಇರುವ ಓದುವ ಮೇಜುಗಳು ಬೇಕೆಂದರು.

"ಬಡಗಿ ಕೈಯಲ್ಲೇ ಮಾಡಿಸೋಣ ಅಂತ ಆಫೀಸಲ್ಲಿ ಹಟ ಹಿಡಿದು ಒಪ್ಪಿಸಿದ್ದೀನಿ. ಮುಂದಿನ ತಿಂಗಳ ಮೊದಲ ಸೋಮವಾರ ಬಂದು ನೋಡ್ತೀನಿ. ಡ್ರಾಯರು ಸಲೀಸಾಗಿ ಓಡಿದ್ರೆ ಮಂಚಗಳ ಕೆಲಸವೂ ನಿಮ್ಮದೇ. ಓಡದಿದ್ರೆ ನನ್ನ ಕೈಲಿ ಏನೂ ಇಲ್ಲ. ರೆಡಿಮೇಡಿನವರು ಬಾಗಿಲಲ್ಲೇ ಕಾದು ಕೂತಿದ್ದಾರೆ."

ಈ ಕೆಲಸ ತಪ್ಪಿದರೆ ಷೆಡ್ಡಿನ ಬಾಗಿಲು ಹಾಕಿ, ಅದೇ ರೆಡಿಮೇಡ್ ಅಂಗಡಿಯ ಗೋದಾಮಿನಲ್ಲಿ ಹಲಗೆ ಜೋಡಿಸುವ ಕೂಲಿಗೆ ಹೋಗುವುದೊಂದೇ ಉಳಿದಿದ್ದ ದಾರಿ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರ ಚೆನ್ನಾಗಿ ಬಂತು. ಮೇಜುಗಳು ಇನ್ನೂ ಚೆನ್ನಾಗಿ ಎದ್ದವು. ಡ್ರಾಯರು ಜಾರಲು ಎರಡು ಪಕ್ಕಕ್ಕೂ ಕಬ್ಬಿಣದ ಚಾನೆಲ್ ಬೇಕು, ಸಣ್ಣ ಗಾಲಿಗಳಿರುವಂಥದ್ದು. ಅಂಗಡಿಗೆ ಹೋಗಿ ತನ್ನಿ ಎಂದು ಹೇಳಿದೆ. ಇವರು ಹೋಗಿದ್ದು ಉಳಿಕೆ ಮಾಲು ಮಾರುವ ಸಾಹುಕಾರನ ಹತ್ತಿರ. ಎಲ್ಲವನ್ನೂ ತಕ್ಕಡಿಗೆ ಹಾಕುವವನಾದ್ದರಿಂದ ಅವನಿಗೆ ತೂಕದ ಸಾಹುಕಾರ ಎಂದೇ ಹೆಸರು. ಚೀಲ ಹೊತ್ತು ತಂದವರ ಮುಖದಲ್ಲಿ ಮದುಮಗನ ಕಳೆ.

"ಅರ್ಧಕ್ಕರ್ಧ ಬೆಲೆ. ಹೊಸಾ ಮಾಲು ಕಣೇ, ತುಕ್ಕೂ ಇಲ್ಲ. ನಿನಗೂ ತಿಕ್ಕೋ ಕೆಲಸ ತಪ್ಪಿಸಿದೆ."

ತೂಕಕ್ಕೆ ಇಡೀ ಚೀಲವನ್ನೇ ಕೊಂಡಿದ್ದರಿಂದ ನಮಗೆ ಬೇಕಾದ್ದರ ಎರಡರಷ್ಟು ಪೊಟ್ಟಣಗಳಿದ್ದವು, ಒಂದೊಂದರಲ್ಲಿ ಎರಡೆರಡು ಪಟ್ಟಿ. ಇವರು ಅದನ್ನೇ ಒಂದು ಜೋಡಿ ಎಂದು ಲೆಕ್ಕ ಹಾಕಿದ್ದರು. ಕೂರಿಸಲು ಹೋದಾಗ ತಿಳಿಯಿತು: ಒಂದು ಪಟ್ಟಿ ಮೇಜಿಗೆ, ಇನ್ನೊಂದು ಡ್ರಾಯರಿಗೆ, ಎರಡೂ ಎಡಗಡೆಯವೇ. ಚೀಲವನ್ನೆಲ್ಲ ನೆಲಕ್ಕೆ ಸುರಿದೆವು. ಬಲಗಡೆಯದು ಒಂದೂ ಇರಲಿಲ್ಲ. ತಿರುಗಿಸಿ ಹಾಕಿದರೆ ಗಾಲಿ ಮೇಲಾಗುತ್ತದೆ, ಡ್ರಾಯರು ನಿಲ್ಲುವುದಿಲ್ಲ. ಅಂಗಡಿಗಳಲ್ಲಿ ಜೋಡಿ ಬಿಡಿಸಿ ಒಂದು ಬದಿಯದನ್ನಷ್ಟೇ ಯಾರೂ ಕೊಡುವುದಿಲ್ಲ. ಹೊಸದು ತರೋಣವೆಂದರೆ ಮ್ಯಾನೇಜರು ಕೊಟ್ಟಿದ್ದ ಮುಂಗಡದ ಹಣ ಮರಕ್ಕೂ ಈ ಚೀಲಕ್ಕೂ ಆಗಿಹೋಗಿತ್ತು. ಬೆಲೆಗಾಗಿ ಇವರು ಕಚ್ಚಾಡದ ಅಂಗಡಿ ಊರಲ್ಲಿ ಇರಲಿಲ್ಲ, ಸಾಲ ಕೊಡುವವರು ಯಾರು?

ಇವರು ಒಂದು ಎಡ ಪಟ್ಟಿಯನ್ನು ಹಿಡಿದು ಅದನ್ನೇ ದಿಟ್ಟಿಸುತ್ತ ಕುಳಿತರು. ಸಾಹುಕಾರನನ್ನು ಹೋಗಿ ಕೇಳಿ ಎಂದರೆ, "ಬಡಗಿಯಾಗಿ ಎಡ ಬಲ ನೋಡ್ಲಿಲ್ವಾ ಅಂತ ನಗ್ತಾನೆ. ನಾ ಹೋಗಲ್ಲ" ಎಂದರು. ನಾನೇ ಹೋದೆ.

ಸಾಹುಕಾರ ನಕ್ಕೇ ನಕ್ಕ. "ಅಲ್ಲಮ್ಮಾ, ಫ್ಯಾಕ್ಟರಿ ಮುಚ್ಚಿದಾಗ ಎಡದ್ದೊಂದು ಚೀಲ ಬಲದ್ದೊಂದು ಚೀಲ ಬಂತು. ಬಲದ್ದನ್ನ ನಿಮ್ಮ ಮೈದುನ ಆಗಲೇ ಹೊತ್ಕೊಂಡು ಹೋದ್ರು. ಅವರೂ ಬಿಚ್ಚಿ ನೋಡ್ಲಿಲ್ಲ, ಚೌಕಾಸಿ ಮಾಡಿದ್ದೇ ಮಾಡಿದ್ದು. ಒಂದೇ ಮನೆಯವರು, ಮನೇಲೇ ಜೋಡಿಸ್ಕೋತೀರಿ ಅಂದ್ಕೊಂಡೆ."

ಅಸಲಿ ಮಾಲಿನ ಬೋರ್ಡು ನೆನಪಾಗಿ ನನಗೂ ನಗು ಬಂತು. ಮನೆಗೆ ಬಂದು ಹೇಳಿದಾಗ ಇವರು ಬಿದ್ದು ಬಿದ್ದು ನಕ್ಕರು.

"ಅವನಿಗೂ ಬಿತ್ತಾ ಟೋಪಿ? ಅಸಲಿಯಂತೆ, ಅಸಲಿ."

"ನಕ್ಕಿದ್ದು ಸಾಕು. ಅರ್ಧ ಎಡದ್ದು ಅವರಿಗೆ ಕೊಟ್ಟು ಅರ್ಧ ಬಲದ್ದು ಇಸ್ಕೊಂಡ್ರೆ ಇಬ್ಬರ ಕೆಲಸವೂ ಆಗುತ್ತೆ. ಹೋಗಿ ಒಂದು ಮಾತು ಕೇಳಿ."

ನಗು ಅಲ್ಲೇ ನಿಂತಿತು. "ಆ ಬಾಗಿಲಿಗೆ ನನ್ನ ಹೆಣ ಹೋಗಬೇಕು."

ಮರುದಿನ ರಸ್ತೆ ದಾಟಿ ನಾನೇ ಹೋದೆ. ಮೈದುನ ಬೆಂಚಿನ ಮೇಲೆ ಕುಳಿತಿದ್ದ. ಬೆಂಚಿನ ಕೆಳಗೆ ನಮ್ಮಲ್ಲಿದ್ದಂಥದ್ದೇ ಚೀಲ. ನನ್ನನ್ನು ನೋಡಿದವನೇ ಅದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ.

"ಬನ್ನಿ ಅತ್ತಿಗೆ. ಏನು ಅಪರೂಪ."

ವಿಷಯ ಹೇಳಿದೆ.

"ತೂಕಕ್ಕೆ ಮಾರೋ ಲಾಟಿನ ಮಾಲಾ? ನಾನು ತರೋದಾ? ಬೋರ್ಡು ಓದ್ಲಿಲ್ವಾ ಅತ್ತಿಗೆ? ನನ್ನದೆಲ್ಲ ಕಂಪನಿ ಡಬ್ಬಿಯಲ್ಲಿ ಬರೋ ಮಾಲು."

"ಬೋರ್ಡು ದಿನಾ ಓದ್ತೀನಪ್ಪಾ, ನನಗೇ ಬರೆಸಿದ ಹಾಗಿದೆ. ಕಾಲ ಕೆಳಗಿರೋದು ಏನು?"

"ಮರದ ಹೊಟ್ಟು."

ಹೊಟ್ಟಿನ ಚೀಲದಿಂದ ಹಾಗೆ ಚೂಪು ಮೂಲೆಗಳು ಚಾಚಿಕೊಂಡಿರುವುದಿಲ್ಲ. ಹಿಂದೆ ನಿಂತಿದ್ದ ವಾರಗಿತ್ತಿ ತಲೆ ತಗ್ಗಿಸಿದಳು. ನಾನು ವಾಪಸ್ಸು ಬಂದೆ.

ಸಂಜೆ ನಲ್ಲಿಯ ಹತ್ತಿರ ಅವಳೇ ಮಾತೆತ್ತಿದಳು. "ಅಕ್ಕಾ, ಯಾರಿಗೂ ಕಾಣಬಾರದು ಅಂತ ಇವರು ಆ ಚೀಲಾನ ಮಂಚದ ಕೆಳಗೆ ತಂದಿಟ್ಟಿದ್ದಾರೆ. ನಮಗೂ ಅಡುಗೆಮನೆ ಬೀರುವಿನ ಕೆಲಸ ನಿಂತಿದೆ. ನಾಳೆ ಇವರು ಮರ ನೋಡೋಕೆ ಹೋಗ್ತಾರೆ. ನೀವು ಎಡದ್ದು ತನ್ನಿ."

"ಕೇಳಿದ್ರೆ ಏನಂತೀಯಾ?"

"ಏನೋ ಒಂದು. ಇಷ್ಟು ವರ್ಷ ಏನಂದಿದ್ದೀನಿ, ಹಾಗೇ."

ಹಾಗೆಯೇ ಆಯಿತು. ಬಟ್ಟೆಯ ಬುಟ್ಟಿಯಲ್ಲಿ, ಮೇಲೊಂದು ಸೀರೆ ಹೊದಿಸಿ, ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಸಾಗಿಸಿದೆವು. ಕಬ್ಬಿಣ ಭಾರ, ನಮ್ಮಿಬ್ಬರಿಗೂ ಸೊಂಟ ಸರಿಯಿಲ್ಲ, ಆದರೂ ಸಣ್ಣ ಹುಡುಗಿಯರ ಹಾಗೆ ನಕ್ಕೆವು.

ಇವರು ಬಲದ ಪಟ್ಟಿಗಳನ್ನು ಕಂಡು ಹುಬ್ಬೇರಿಸಿದರು. "ಎಲ್ಲಿಂದ?"

"ಸಾಹುಕಾರ ಬೇರೆ ಊರಿಂದ ತರಿಸಿ ಬದಲಾಯಿಸಿ ಕೊಟ್ಟ."

"ಹೇಳಲಿಲ್ವಾ ನಾನು? ಒಳ್ಳೆ ಮನುಷ್ಯ ಅವನು. ಬೇರೆಯವರಾಗಿದ್ರೆ ಪೂರ್ತಿ ಬೆಲೆ ಸುರಿದು ಬರ್ತಿದ್ರು. ವ್ಯಾಪಾರ ಮಾಡೋಕೆ ತಲೆ ಬೇಕು." ಅದನ್ನು ಇನ್ನೊಮ್ಮೆಯೂ ಹೇಳಿ, ಸಿಳ್ಳೆ ಹಾಕುತ್ತ ತಿರುಪುಮೊಳೆ ಕೂರಿಸತೊಡಗಿದರು. ಬೆರಳಿನಿಂದ ತಟ್ಟಿದರೆ ಸಾಕು, ಡ್ರಾಯರು ತಾನಾಗಿ ಒಳಗೆ ಹೋಗಿ ಮೆತ್ತಗೆ ಕೂರುತ್ತಿತ್ತು. ಇವರು ತಟ್ಟಿದ್ದೇ ತಟ್ಟಿದ್ದು.

ಹೇಳಿದ ಸೋಮವಾರ ಮ್ಯಾನೇಜರು ಬಂದರು. ಒಂದೊಂದೇ ಡ್ರಾಯರನ್ನು ಎಳೆದು, ತಳ್ಳಿ, ತಲೆಯಾಡಿಸುತ್ತ ಕೊನೆಯ ಸಾಲಿಗೆ ಬಂದಿದ್ದರು. ಮಂಚಗಳ ಆರ್ಡರಿನ ಕಾಗದ ತೆಗೆಯಲು ಕೈ ಜೇಬಿಗೂ ಹೋಗಿತ್ತು. ಆಗ ಮೈದುನ ರಸ್ತೆ ದಾಟಿ ಬಂದು ನಮ್ಮ ಬಾಗಿಲಿಗೆ ಒರಗಿ ನಿಂತ. ಅವನ ಹಿಂದೆ ಓಡಿಬಂದ ವಾರಗಿತ್ತಿ ನನ್ನ ಕಡೆ ನೋಡಿ, ನಾನಾಗಿ ಹೇಳಲಿಲ್ಲ ಎಂಬಂತೆ ಕೈಯಾಡಿಸಿದಳು. ಅವಳ ಕಣ್ಣು ಕೆಂಪಾಗಿತ್ತು. ಮಂಚದ ಕೆಳಗಿನ ಚೀಲದಲ್ಲಿ ಬಲದ್ದು ಕಡಿಮೆಯಾಗಿದ್ದನ್ನು ಅವನು ನೋಡಿಬಿಟ್ಟಿದ್ದ, ಅವಳ ಬಾಯಿ ಬಿಡಿಸಿದ್ದ.

"ಚೆನ್ನಾಗಿ ಓಡ್ತಿದೆಯಾ ಸಾರ್?" ಎಂದ, ಹಲ್ಲು ಬಿಟ್ಟುಕೊಂಡು. "ಓಡಲೇಬೇಕು. ಅಣ್ಣನ ಡ್ರಾಯರು ತಮ್ಮನ ಚಾನೆಲ್ ಮೇಲೆ ಓಡ್ತಿದೆಯಲ್ಲ. ಬುಟ್ಟೀಲಿ ಹೊತ್ಕೊಂಡು ಬಂದ್ರು, ನಮ್ಮತ್ತಿಗೆ."

ಅವನು ಮಾಲು ಕೇಳಲು ಬಂದಿರಲಿಲ್ಲ. ಅವನ ಬೀರುವಿಗೂ ನಮ್ಮ ಎಡದ ಪಟ್ಟಿಗಳು ಆಗಲೇ ಕೂತಿದ್ದವು. ಆ ಒಂದು ಮಾತು ಆಡಲು ಬಂದಿದ್ದ, ಅಷ್ಟೆ.

ಇವರು ನನ್ನ ಮುಖ ನೋಡಿದರು. ಹೌದೋ ಅಲ್ಲವೋ ಎಂದು ಕೇಳಲಿಲ್ಲ. ಬೆಂಚಿನ ಮೇಲಿಂದ ತಿರುಪುಳಿ ತೆಗೆದುಕೊಂಡು ಮೊದಲ ಮೇಜಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಡ್ರಾಯರು ಎತ್ತಿ ಪಕ್ಕಕ್ಕಿಟ್ಟು, ಬಲದ ಪಟ್ಟಿ ಬಿಚ್ಚತೊಡಗಿದರು.

"ಏನ್ರೀ ಇದು, ಬೇಡ. ಅವರಿಗೆ ನಮ್ಮದು ಕೊಟ್ಟಿದ್ದೀನಿ, ಲೆಕ್ಕ ಸರಿ ಇದೆ" ಎಂದೆ. ತೋಳು ಹಿಡಿದೆ. ಕೊಡವಿಕೊಂಡರು.

ಮ್ಯಾನೇಜರು, "ಯಜಮಾನ್ರೇ, ಚಾನೆಲ್ ಯಾರದ್ದಾದ್ರೆ ನನಗೇನು? ಮೇಜು ಚೆನ್ನಾಗಿದೆ, ಬಿಡಿ" ಎಂದರು. ಇವರು ಕೇಳಿಸಿಕೊಳ್ಳಲಿಲ್ಲ. ಬಿಚ್ಚಿದ ಪಟ್ಟಿಯನ್ನು ತಮ್ಮನ ಕಾಲ ಬಳಿಗೆ ಎಸೆದರು. ಎರಡನೆಯದನ್ನೂ ಎಸೆದರು.

ಮೈದುನನ ಹಲ್ಲು ಒಳಗೆ ಹೋಯಿತು. "ಅಣ್ಣಾ, ತಮಾಷೆಗೆ ಅಂದೆ. ಬಿಡೋ." ಎಷ್ಟೋ ವರ್ಷಗಳ ಮೇಲೆ ಅಣ್ಣಾ ಎಂದು ಕರೆದಿದ್ದ. ಇವರ ಕೈ ಒಂದು ಗಳಿಗೆ ನಿಂತಂತೆ ನನಗೆ ಕಂಡಿತು. ಆದರೆ ತಿರುಪುಳಿಯ ತುದಿ ಜಾರಿದ್ದಕ್ಕೆ ನಿಂತಿತ್ತು. ಮತ್ತೆ ಸಿಕ್ಕಿಸಿ ತಿರುಗಿಸಿದರು.

ಮ್ಯಾನೇಜರು ಬಿಚ್ಚಿಟ್ಟ ಡ್ರಾಯರುಗಳನ್ನೊಮ್ಮೆ ನೋಡಿದರು. ಕಾಗದವನ್ನು ಹಾಗೇ ಜೇಬಿನೊಳಕ್ಕೆ ಸೇರಿಸಿ, ನನಗೆ ಮಾತ್ರ ಕೈ ಮುಗಿದು ಹೋದರು. ಮೈದುನನೂ ಹೋದ. ವಾರಗಿತ್ತಿ ಬಗ್ಗಿ ಪಟ್ಟಿಗಳನ್ನು ಸೆರಗಿಗೆ ತುಂಬಿಕೊಳ್ಳತೊಡಗಿದಳು. ಇವರು ಎಸೆಯುವುದೆಲ್ಲ ಮುಗಿಯುವವರೆಗೂ ಅವಳು ಅಲ್ಲೇ ಕಾದಳು, ನನ್ನ ಮುಖ ನೋಡಲಿಲ್ಲ. ಅಂದು ಸಂಜೆಯೇ ನಮ್ಮ ಎಡದ ಪಟ್ಟಿಗಳು ನಮ್ಮ ಬಾಗಿಲ ಮುಂದೆ ಬಂದು ಬಿದ್ದಿದ್ದವು.

ಈಗ ಇವರು ರೆಡಿಮೇಡ್ ಅಂಗಡಿಯ ಗೋದಾಮಿಗೆ ಹೋಗುತ್ತಾರೆ. ಮೇಜುಗಳು ಒಲೆಯ ಸೌದೆಗಿಂತ ತುಸು ಹೆಚ್ಚಿನ ಬೆಲೆಗೆ ಹೋದವು. ವಾರಗಿತ್ತಿ ನಲ್ಲಿಗೆ ನಾನು ಬಂದುಹೋದ ಮೇಲೆ ಬರುತ್ತಾಳೆ.

ಎಡದ ಚೀಲ ಮನೆಯ ಬಾಗಿಲ ಹಿಂದೆಯೇ ಇದೆ. ಕಸ ಗುಡಿಸುವಾಗ ದಿನವೂ ಕಾಲಿಗೆ ತಗಲುತ್ತದೆ. ಮೊನ್ನೆ ಗುಜರಿಯವನು ಬೀದಿಯಲ್ಲಿ ಕೂಗಿಕೊಂಡು ಹೋದ. ಕೊಟ್ಟುಬಿಡೋಣ ಎಂದೆ. ಇವರು ಬುತ್ತಿಯ ಡಬ್ಬಿ ಕೈಯಲ್ಲಿ ಹಿಡಿದು ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು ಯೋಚಿಸಿದರು.

"ಇವನಿಗೆ ಬೇಡ. ಕಬ್ಬಿಣದ ರೇಟು ಇನ್ನೂ ಏರುತ್ತೆ" ಎಂದರು.